ನೂರರಲ್ಲಿ ಒಬ್ಬಾಕಿ

ಮೈಂದರ್ಗಿಯ ಗುರುಬಾಳವ್ವ ಬಿರಾಜದಾರ,
ಕೌದಿ ಹೊಲಿಯುವವಳು.
ಎದೆಗೆ ಏನಾಗುತ್ತದೆ ಎಂದರೆ
"ಒಳಗೊಂದು ಗುಬ್ಬಿ ಸಿಕ್ಕೊಂಡೈತ್ರಿ,
ಕಿಡಕಿ ಸಿಗವಲ್ದು ಅದಕ್ಕ" ಅಂದಳು.

ಸೊಲ್ಲಾಪುರದ ನಮ್ಮ ಆಸ್ಪತ್ರೆಯ ಒಪ್ಪಿಗೆಪತ್ರ ಮರಾಠಿಯದು.
ಕನ್ನಡದವರು ಬಂದರೆ ಓದಿ ಹೇಳುವುದು ನನ್ನ ಪಾಲಿಗೆ.
ತೊಡೆಸಂದಿನ ನರದಿಂದ ತಂತಿ ಹೋಗುತ್ತದೆ,
ತಪ್ಪು ಮಿಡಿತ ಹುಟ್ಟುವ ಜಾಗ ಸುಡುತ್ತಾರೆ,
ನೂರರಲ್ಲಿ ಒಬ್ಬರಿಗೆ ಹೃದಯ ತೂತಾಗಬಹುದು.
ಕಂಡಕ್ಟರು ಊರು ಕೂಗಿದ ಹಾಗೆ ಓದಿದೆ.
"ಆ ಒಬ್ಬಾಕಿ ಯಾವೂರಾಕಿ?"
ನಕ್ಕೆ. ಹೆಬ್ಬೆಟ್ಟಿಗೆ ಶಾಯಿ ಹಚ್ಚಿದೆ.
ಸೂಜಿ ತಿಂದು ಸವೆದ ಬೆರಳು, ಗೆರೆ ಮೂಡಲಿಲ್ಲ;
ಎರಡನೇ ಸಲ ಒತ್ತಿಸಿದೆ.

ಕೊರಳ ಬೆಳ್ಳಿ ಕರಡಿಗೆ ಬಿಚ್ಚಲೇಬೇಕಿತ್ತು.
ಲಿಂಗವನ್ನು ಗಾಜ್ ಬಟ್ಟೆಯಲ್ಲಿ ಸುತ್ತಿ
ಎಡತೋಳಿಗೆ ಕಟ್ಟಿದೆ.
ನಸೀಮಾ ಎಂದು ನನ್ನ ಬಿಲ್ಲೆಯ ಮೇಲಿತ್ತು.
ಅವಳಿಗೆ ಓದಲು ಬರುತ್ತಿರಲಿಲ್ಲ,
ಕೇಳಲೂ ಇಲ್ಲ.

ಒಂದೂವರೆ ತಾಸು ಎಲ್ಲ ನೆಟ್ಟಗಿತ್ತು.
ಪರದೆಯ ಮೇಲೆ ಅವಳ ಹೃದಯ ಹಸಿರು, ನೇರಳೆ, ಹಳದಿ,
ಹಳೇ ಸೀರೆಯ ತುಂಡು ಕೂಡಿಸಿದ ಕೌದಿಯೇ.
ದೇಗಾಂವಕರ ಡಾಕ್ಟರ ಕಾಲು ಪೆಡಲಿನ ಮೇಲಿತ್ತು.
ಆಗ, ಬಾಣಲೆಯಲ್ಲಿ ಒಂದೇ ಒಂದು ಸಾಸಿವೆ ಸಿಡಿದಂತೆ
ಟಪ್.

ಯಾರೂ ಮಾತಾಡಲಿಲ್ಲ.
ನೂರಾ ಹತ್ತು. ತೊಂಬತ್ತು. ಅರವತ್ತನಾಲ್ಕು.
ಎಕೋ ಇಟ್ಟರೆ ಹೃದಯದ ಸುತ್ತ ಕಪ್ಪು ಬಳೆ,
ತನ್ನದೇ ರಕ್ತ ಅದುಮಿ ಹಿಡಿದು
ಬಿಚ್ಚಲಾರದ ಮುಷ್ಟಿ.

ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟದ್ದು
ಹಂದಿಯ ಕರುಳಿನಿಂದ ಬರುವ ಹೆಪಾರಿನ್.
ಅದನ್ನೀಗ ಮುರಿಯಲು ಪ್ರೊಟಮೈನ್, ಮೀನಿನದು.
ಜನ್ಮದಲ್ಲಿ ಮೊಟ್ಟೆ ಮುಟ್ಟದ ಜೀವ.
ಎರಡನ್ನೂ ಸಿರಿಂಜಿಗೆ ಎಳೆದದ್ದು ನಾನೇ;
ಹಂದಿಯ ಲೆಕ್ಕ ನನಗೂ ಇತ್ತೆಂದು
ಮನೆಗೆ ಹೋಗುವಾಗ ಬಸ್ಸಿನಲ್ಲಿ ಹೊಳೆಯಿತು.

ಎದೆಮೂಳೆಯ ಕೆಳಗೆ ಉದ್ದ ಸೂಜಿ,
ಎಡಭುಜದ ಕಡೆಗೆ ಮುಖ.
ಬಂತು. ಬಿಸಿ, ಕೆಂಪು.
ಸಿರಿಂಜು ತುಂಬಿದ್ದು ತುಂಬಿದಂತೆ
ತೊಡೆಯ ನಳಿಕೆಯಿಂದ ಮತ್ತೆ ಅವಳೊಳಕ್ಕೇ.
ಬ್ಲಡ್ ಬ್ಯಾಂಕಿನ ಹುಡುಗ ಬರುವ ತನಕ
ಅವಳದೇ ಅವಳಿಗೆ ಕೈಗಡ.
"ಏಕ್" ಅಂದರು ಡಾಕ್ಟರು. "ದೋನ್."
ತಲೆದೆಸೆಯಿಂದ ಯೇಮೂಲ್ ಮೇಡಂ, "ಮೂಡು".
"ನಾಲ್ಕು" ಅಂದವಳು ನಾನು.
ಹನ್ನೊಂದರ ಹತ್ತಿರ ಎಲ್ಲರಿಗೂ ಅನುಮಾನ.
"ಅಕರಾ ಝಾಲೆ ಕಾ?"
"ಅಯಿಂದಿ, ಅಯಿಂದಿ."
ಗೋಡೆಯಾಚೆ ಎದೆ ಸೀಳಲು ಸರ್ಜನ್ ಕೈ ತೊಳೆಯುತ್ತಿದ್ದರು,
ನಲ್ಲಿಯ ಸದ್ದು ಕೇಳುತ್ತಿತ್ತು.

ಹದಿನಾಲ್ಕನೆಯದು ಅರ್ಧಕ್ಕೇ ನಿಂತಿತು.
ಎಳೆದರೂ ಬರಲಿಲ್ಲ.
ಕಾದೆವು. ಬರಲೇ ಇಲ್ಲ.
ನೂರಾ ಎರಡು.
ಯಾರೋ ಹೋಗಿ ನಲ್ಲಿ ಬಂದು ಮಾಡಿಸಿದರು.

ಹೊರಗೆ ಬೆಂಚಿನ ಮೇಲೆ ಕಾಶವ್ವ, ಕೌದಿಯ ಜೊತೆಗಾತಿ.
ಹೇಳಿದೆ: ತೂತಾಯಿತು, ರಕ್ತ ತೆಗೆದರು,
ಒಂದು ನಳಿಕೆ ರಾತ್ರಿಯೆಲ್ಲ ಇರುತ್ತದೆ.
"ಹರದವ್ರು ಯಾರ್ರಿ?"
ಡಾಕ್ಟರು.
"ಉಳಿಸಿದವ್ರು?"
ಅವರೇ.
ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.
"ಹೊಲಿಯೂ ಕೈಯಾಗನ ಹರಿಯೂದು.
ಆದ್ರ ಬಟ್ಟಿ ಅಳೂದಿಲ್ಲ ನೋಡವ್ವ."

ಆ ರಾತ್ರಿ ಡಾಕ್ಟರು ಮನೆಗೆ ಹೋಗಲಿಲ್ಲ.
ಹಾಸಿಗೆಯ ಪಕ್ಕ ಸ್ಟೂಲು ಹಾಕಿಕೊಂಡು
ನಳಿಕೆಯ ಹನಿ ಎಣಿಸಿದರು.
ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಬೆಳಗಿನವರೆಗೂ ಮುಚ್ಚಿಯೇ ಇತ್ತು.

ಮೂರನೇ ದಿನ ಕೇಳಿದೆ, ಗುಬ್ಬಿ?
ಎದೆಯ ಮೇಲೆ ಅಂಗೈಯಿಟ್ಟು ಬಹಳ ಹೊತ್ತು ಆಲಿಸಿದಳು.
"ಸಪ್ಪಳಿಲ್ಲ.
ಹಾರಿ ಹೋತೋ, ಅಂಜಿ ಕುಂತೈತೋ."

ಮಂಗಳವಾರ ಮತ್ತೊಂದು ಒಪ್ಪಿಗೆಪತ್ರ, ದುಧನಿಯ ಟೇಲರ್.
"ನೂರರಲ್ಲಿ ಒಬ್ಬರಿಗೆ" ಎಂಬಲ್ಲಿ ನಿಂತುಬಿಟ್ಟೆ.
"ಮುಂದ ಓದ್ರಿ" ಅಂದರು.
"ಮೈಂದರ್ಗಿಯಾಕಿ" ಅಂದೆ.