ಬೆಲ್ಟು ಸಡಿಲ

ಲಿಂಗರಾಜಪುರದ ಹಳಿ ಪಕ್ಕದ ಮನೆಗಳನ್ನು ಕೆಡವಿದ ಮಾರನೆಯ ದಿನ
ನಾನು ತಲುಪುವಷ್ಟರಲ್ಲಿ ಎಲ್ಲರೂ ಬಂದುಹೋಗಿದ್ದರು.
ಪೇಪರಿನವರು ‘ಹದಿನೇಳು’ ಎಂಬುದನ್ನು ಒಯ್ದಿದ್ದರು.
ಟೀವಿಯವರು ಆರೋಗ್ಯಮೇರಿಯ ಮುಖವನ್ನು,
ಬೆಳಕಿನ ಕಡೆ ತಿರುಗಿಸಿ, ಎರಡು ಸಲ ಅಳಿಸಿ.
ನನಗೆ ಸಿಕ್ಕಿದ್ದು ಮಿಕ್ಕಿದ್ದು:
ಬಾಗಿಲಿಲ್ಲದ ಹೊಸ್ತಿಲು, ನೀಲಿ ಡ್ರಮ್ಮು,
ಟಾರ್ಪಾಲಿನಡಿ ಒಂದು ಹೊಲಿಗೆ ಮಿಷನ್ನು.

‘ಕ್ಯಾಮೆರಾ ಎಲ್ಲಮ್ಮಾ?’
ಇಲ್ಲ, ಇಷ್ಟೇ, ಅಂದೆ. ಬದನೆಕಾಯಿಯಂಥ ಮೈಕು ತೋರಿಸಿದೆ.
ಸೆರಗು ಸರಿಮಾಡಿಕೊಳ್ಳುವುದನ್ನು ಬಿಟ್ಟಳು.
ಕಾಲು ಚಾಚಿ ಕೂತಳು. ಆಮೇಲೆ ಬಂತು ಮಾತು,
ಅರ್ಧ ತಮಿಳು, ಅರ್ಧ ಕನ್ನಡ,
ನಡುವೆ ಒಮ್ಮೆ ತಟ್ಟನೆ ನಿಂತಳು.
ಏನಾಯ್ತು ಎಂದು ಕೇಳಬೇಕು, ಅಷ್ಟರಲ್ಲಿ
ರೈಲು.
ನನ್ನ ಹೆಡ್‌ಫೋನಿಗಿಂತ ಮೊದಲೇ ಅವಳ ಕಿವಿಗೆ ಬಿದ್ದಿತ್ತು.
ಕೊನೆಯ ಡಬ್ಬಿ ದಾಟಿದ ಮೇಲೆ
ಬಿಟ್ಟ ಪದದಿಂದಲೇ ಮತ್ತೆ ಹಿಡಿದಳು.

ಮಿಷನ್ ತುಳೀತೀರಾ?
‘ಬಟ್ಟೆ ಇಲ್ಲ, ದಾರ ಇಲ್ಲ. ಏನ್ ಹೊಲೀಲಿ?’
ಸುಮ್ನೆ, ಸದ್ದಿಗೆ.
ಹಟ ಮಾಡುವ ಮಗುವಿಗೆ ಬಿಸ್ಕತ್ತು ಕೊಡುವ ಹಾಗೆ
ಒಂದು ನಿಮಿಷ ತುಳಿದಳು.
ಖಾಲಿ ಸೂಜಿ ಗಾಳಿಯನ್ನು ಹೊಲಿಯಿತು.
ಆಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು ಅಂದೆ.
‘ಮಾತಾಡದೇ ಇರೋದನ್ನೂ ಹಿಡೀತೀಯಾ?’
ಹಿಡಿಯುತ್ತೇನೆ. ಗೋಡೆ ಇಲ್ಲದ ಮನೆಯ ಸದ್ದು ಬೇರೆ ಇರುತ್ತದೆ.

ಸ್ಟುಡಿಯೋದಲ್ಲಿ ಮಂದಣ್ಣ ಕೇಳಿದ:
‘ಉಸಿರೆಲ್ಲ ಕತ್ತರಿಸಲಾ? ಹದಿನಾಲ್ಕು ಸೆಕೆಂಡು ಉಳಿಯುತ್ತೆ.’
ಬೇಡ.
‘ರೈಲು?’
ಇರಲಿ.
ಇಷ್ಟು ಹೇಳಿದೆನಾದರೂ ನನಗೂ ಖಾತ್ರಿ ಇರಲಿಲ್ಲ.
ಮಧ್ಯಾಹ್ನ ಎರಡೂವರೆಗೆ, ಮಂಗಳವಾರ, ಇಡೀ ಊರು ಸಿಗ್ನಲ್ಲಿನಲ್ಲಿ ನಿಂತಿರುವಾಗ
ಯಾರಿಗೆ ಬೇಕು ಒಬ್ಬಳ ಉಸಿರು?

ಪ್ರಸಾರವಾಯಿತು. ಯಾವ ಆಫೀಸೂ ಅಲುಗಲಿಲ್ಲ.

ಬುಧವಾರ ಒಂದು ಫೋನು. ಕಬ್ಬನ್‌ಪೇಟೆಯಿಂದ, ಗೌಸ್ ಪೀರ್ ಅಂತೆ.
‘ಮೇಡಂ, ನಿನ್ನೆ ರೇಡಿಯೋದಲ್ಲಿ ಒಂದು ಮಿಷನ್ ಬಂತಲ್ಲ,’
(ಹೆಂಗಸು ಅನ್ನಲಿಲ್ಲ, ರೈಲು ಅನ್ನಲಿಲ್ಲ)
‘ಅದರ ಬೆಲ್ಟು ಸಡಿಲ ಆಗಿದೆ. ಚಕ್ರ ಜಾರ್ತಾ ಇದೆ.
ಹಂಗೇ ತುಳಿದ್ರೆ ಅಮ್ಮನ ಮಂಡಿ ಹೋಗುತ್ತೆ.
ನನ್ನ ಹತ್ರ ಚರ್ಮದ್ದು ಒಂದಿದೆ, ಹಾಕ್ಬಿಟ್ ಬರ್ತೀನಿ.’

ಮೂರು ಪತ್ರಿಕೆಯ ಫೋಟೋದಲ್ಲೂ ಇತ್ತು ಆ ಮಿಷನ್ನು,
ಬೆಲ್ಟು ಸಮೇತ.

‘ಮನೆ ಎಲ್ಲಿ ಬರುತ್ತೆ ಹೇಳಿ, ಬರ್ಕೋತೀನಿ.’

ಬಾಯಿ ತೆರೆದೆ. ಮನೆ.
ನನ್ನ ಉಸಿರು ಅವನಿಗೆ ಕೇಳಿಸಿರಬೇಕು,
ಲೈನು ಕಟ್ಟಾಯ್ತಾ ಎಂದು ಕೇಳಲಿಲ್ಲ ಅವನು.
‘ಹೇಳಿ ಮೇಡಂ, ನಿಧಾನಕ್ಕೆ. ಕೇಳ್ತಾ ಇದೀನಿ.’