ಮೂರನೆಯ ಖಾನೆ

ವಾಲ್ಪರಾಯಿಸೊ ಊರಿನ ಗುಡ್ಡ ಹತ್ತುವ ಮೆಟ್ಟಿಲ ಪಕ್ಕ
ಎವಾರಿಸ್ತೊನ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು.
ಸಮುದ್ರದ ಗಾಳಿ ನುಗ್ಗಿದಾಗಲೆಲ್ಲ ತಿರುಪುಮೊಳೆಯ ಡಬ್ಬಿಗೆ
ಅಂಗೈ ಮುಚ್ಚುತ್ತಾನೆ, ಮಾತಿನ ನಡುವೆಯೂ.

ರೊಸೌರಾ ತಂದದ್ದು ಬೂದು ಬಣ್ಣದ ಒಂದು ಕ್ಯಾಸೆಟ್ಟು,
ಕಾಲುಚೀಲದೊಳಗೆ ಸುತ್ತಿ, ಮೊಟ್ಟೆ ತಂದ ಹಾಗೆ.
"ಆನ್ ಮಾಡಿದರೆ ಆಟ ಬರುತ್ತದೆ.
ಕೆಲವು ಸಲ ನಾವು ಇರುತ್ತೇವೆ,
ಕೆಲವು ಸಲ ಇರುವುದಿಲ್ಲ."
ಹೇಳಿ ಮುಗಿಸಿ ಅದರ ಬಾಯಿಗೆ ಫೂ ಎಂದು ಊದಿದಳು.
"ಊದಬೇಡಮ್ಮ" ಅಂದ, ಮೂವತ್ತು ವರ್ಷದಿಂದ
ಇಡೀ ಗುಡ್ಡಕ್ಕೆ ಇದನ್ನೇ ಹೇಳುತ್ತಿದ್ದಾನೆ,
"ಎಂಜಲು ತಾಗಿದರೆ ತುಕ್ಕು."

ಎರಡು ಮೊಳೆ ಬಿಚ್ಚಿದ. ಹಸಿರು ಹಲಗೆ. ಮೂಲೆಯಲ್ಲಿ
ನಾಣ್ಯದಷ್ಟಗಲದ ಬ್ಯಾಟರಿ, ಹುಟ್ಟಿದ್ದು ತೊಂಬತ್ತಮೂರರಲ್ಲಿ.
ಮಲಗುವ ಮುಂಚೆ ಯಾರೋ ಬೂದಿ ಮುಚ್ಚಿಟ್ಟ ಕೆಂಡ;
ಬೆಳಗಾಗುವುದು ತಡವಾಯಿತು, ಅಷ್ಟೆ.

ಬ್ಯಾಟರಿ ಬದಲಿಸಬೇಕಾದರೆ ಕೀಳಬೇಕು.
ಕಿತ್ತರೆ ನೆನಪು ಹೋಗುತ್ತದೆ.
ಅದಕ್ಕೇ ಮೊದಲು ನೆನಪನ್ನು
ಬೇರೆ ಮನೆಯಲ್ಲಿ ಮಲಗಿಸಿ ಬರಬೇಕು.
ಪಕ್ಕದ ಮನೆಗೆ ಒಂದು ಚಮಚ ಹೆಪ್ಪು ಕೊಟ್ಟ ಹಾಗೆ:
ನಮ್ಮ ಗಡಿಗೆ ಒಡೆದರೂ ನಮ್ಮ ಮೊಸರು
ಅವರಲ್ಲಿ ಇರುತ್ತದೆ.

ತಂತಿ ಸಿಕ್ಕಿಸಿದ. ಲ್ಯಾಪ್‌ಟಾಪಿನಲ್ಲಿ ಒಂದು ಗೆರೆ
ತೆವಳಿತು, ಆರು ಸೆಕೆಂಡಿಗೆ ನಿಂತಿತು.
"ಮುಗಿಯಿತಾ?"
"ಮುಗಿಯಿತು. ಎಂಟು ಕಿಲೋಬೈಟು."
ಯಾರೋ ಎದುರಿಗೇ ಹೀಯಾಳಿಸಿದಂತೆ ಅವಳ ಮುಖ ಬಿದ್ದುಹೋಯಿತು.
ಎರಡು ಚಳಿಗಾಲ, ತಂಗಿ ನೆಲಿದಾಳ ಜುಟ್ಟು ಹಿಡಿದ ಜಗಳ,
ಜ್ವರವೆಂದು ಸುಳ್ಳು ಹೇಳಿ ಶಾಲೆ ತಪ್ಪಿಸಿದ ಸೋಮವಾರಗಳು,
ಎಲ್ಲ ಸೇರಿ ಎಂಟು.

ಬರೆಯುತ್ತ ನಾನೂ ಲೆಕ್ಕ ಹಾಕಿದೆ. ಕನ್ನಡದ ಒಂದು ಅಕ್ಷರಕ್ಕೆ
ಮೂರು ಬೈಟು, ಒತ್ತು ಬಿದ್ದರೆ ಒಂಬತ್ತು.
ಈ ಪದ್ಯ ಆ ಕ್ಯಾಸೆಟ್ಟಿನಲ್ಲಿ ಹಿಡಿಸುವುದಿಲ್ಲ.
ಅವರ ಬಾಲ್ಯ ಹಿಡಿಸಿತ್ತು.

ಬೆಸುಗೆಯ ಹೊಗೆ. ಹಳೆಯದು ಕಳಚಿ ಮೇಜಿಗೆ ಟಣ್ಣೆಂದಿತು.
ಆ ಗಳಿಗೆ ಹಲಗೆಯ ಮೇಲೆ ಯಾರೂ ಇರಲಿಲ್ಲ.
ರೊಸೌರಾ ಉಸಿರಾಡಲಿಲ್ಲ. ಅವನು ಮಾತ್ರ
ಚಹಾ ತಣ್ಣಗಾಯಿತೆಂದು ಗೊಣಗಿದ.

ಹೊಸ ಬ್ಯಾಟರಿ. ಗೆರೆ ಮತ್ತೆ ತೆವಳಿತು, ಈ ಸಲ ವಾಪಸು.
ಪುಟ್ಟ ಟೀವಿಯಲ್ಲಿ ಮೂರು ಖಾನೆ ತೆರೆದವು.
ರೊಸ್, ಮೂವತ್ತೊಂದು ಗಂಟೆ.
ನೆಲಿ, ಇಪ್ಪತ್ತೆಂಟು.
ಮೂರನೆಯದಕ್ಕೆ ಹೆಸರಿಲ್ಲ, ಬರೀ ಆ ಆ ಆ,
ಮೊದಲ ಅಕ್ಷರವನ್ನೇ ಮೂರು ಸಲ ಒತ್ತಿದ ಅವಸರ.
ಇನ್ನೂರ ನಾಲ್ಕು ಗಂಟೆ.

"ಅದು ಕ್ಯಾಸೆಟ್ಟಿನ ಜೊತೆಗೇ ಬಂದದ್ದು,
ಸೆಕೆಂಡ್‌ಹ್ಯಾಂಡ್ ತಾನೇ" ಅಂದಳು.
ಎವಾರಿಸ್ತೊ ಒಳಗೆ ಹೋಗಿ ನೋಡಿದ. ಚೀಲದಲ್ಲಿ
ಔಷಧಿಯ ಶೀಶೆಗಳು ತುಂಬಿವೆ, ಒಂದರ ಬಿರಡೆಯೂ ತೆಗೆದಿಲ್ಲ.
ಚಿನ್ನದ ನಾಣ್ಯ ಒಂದೂ ಪೋಲಾಗಿಲ್ಲ.
"ಮಕ್ಕಳು ಆಡಿದ್ದಲ್ಲ ಇದು.
ತಿಂಗಳ ಕೊನೆ ಕಂಡವರು ಆಡಿದ್ದು."

ಆಗ ನೆನಪಾಯಿತು.
ಬೆಳಿಗ್ಗೆ ಟೀವಿಯ ಬೆನ್ನು ಬೆಚ್ಚಗಿರುತ್ತಿತ್ತು.
ರಾತ್ರಿ ಕದ್ದು ಆಡಿದ್ದು ನೀನು, ಅಲ್ಲ ನೀನು ಎಂದು
ಅಕ್ಕತಂಗಿ ಕಚ್ಚಾಡುವಾಗ
ಮೀನು ಡಬ್ಬಿ ತುಂಬುವ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ
ಬಂದ ತಾಯಿ ಓರ್ತೆನ್ಸಿಯಾ, ಕಣ್ಣು ಕೆಂಪಗೆ,
ಬ್ರೆಡ್ಡಿಗೆ ಬೆಣ್ಣೆ ಸವರುತ್ತ
ಇಬ್ಬರಿಗೂ ಸಮನಾಗಿ ಬೈಯುತ್ತಿದ್ದಳು.

ಮೆಟ್ಟಿಲ ಮೇಲೆ ನಿಂತು ಫೋನು ಮಾಡಿದಳು.
ಅತ್ತ ಬಾಣಲೆಯ ಸದ್ದು ನಿಂತಿತು.
ಬಹಳ ಹೊತ್ತು ಏನೂ ಇಲ್ಲ, ಗಾಳಿ.
ಆಮೇಲೆ:
"ದೀಪಸ್ತಂಭದ ಕೆಳಗಿನ ಬಾಗಿಲು. ತೆರೆದಿದೆಯಾ?"
"ಇಲ್ಲಮ್ಮ."
"ಮುಟ್ಟಬೇಡ. ಬಸ್ಸು ಹಿಡಿದು ಬರುತ್ತೇನೆ.
ಬೀಗದ ಕೈ ಎಲ್ಲಿದೆ ಅಂತ
ಹೋದ ವಾರ ಹೊಳೆಯಿತು."