ಶೇಡ್ ಕಾರ್ಡ್

ಇಪ್ಪತ್ತು ಲೀಟರಿನ ಬಕೆಟ್ಟು ಒಂಬೈನೂರು
ಒಂದೇ ವರ್ಷದಲ್ಲಿ ಮಾರಿದ ತಪ್ಪಿಗೆ
ಪೇಂಟ್ ಕಂಪನಿಯವರು ನನ್ನನ್ನು
ಪ್ರಾಗ್ ಎಂಬ ಊರಿಗೆ ಕಳಿಸಿದರು.
ಐದು ರಾತ್ರಿ, ಆರು ಹಗಲು,
ತಲೆಗೊಂದು ಕೆಂಪು ಟೋಪಿ.

ಈಗ ಚಿಂತಾಮಣಿಯ ಚೇಳೂರು ರಸ್ತೆಯಲ್ಲಿ
ಎರಡಿಂಚಿನ ಬ್ರಷ್ಷಿಗೆ ಬಂದವರೂ
ಕೌಂಟರಿಗೆ ಮೊಣಕೈಯೂರಿ ಕೇಳುತ್ತಾರೆ:
"ಏಂ ಚೂಸ್ತಿವಪ್ಪಾ ಆಡ?"
ಏನು ನೋಡಿದೆ ಅಂತ ಹೇಳಲಿ.

ಹೈಸ್ಕೂಲಿನ ಕೃಷ್ಣೋಜಿ ಮೇಷ್ಟ್ರು ಮಾತ್ರ ಕೇಳಲಿಲ್ಲ.
"ಪ್ರಾಗೈತಿಹಾಸಿಕದ ಬಾಗಿಲಲ್ಲೇ ಕೂತಿದೆಯಲ್ಲಯ್ಯಾ
ಆ ಊರು, ಅಷ್ಟು ದೂರ ಯಾಕೆ ಹೋದೆ?" ಅಂದು
ಟರ್ಪೆಂಟೈನು ಅರ್ಧ ಲೀಟರು
ಸಾಲ ಬರೆಸಿ ನಡೆದರು.

ಗಡಿಯಾರ ನೋಡಿದೆ.
ಗಂಟೆಗೊಮ್ಮೆ ಒಂದು ಎಲುಬಿನ ಗೂಡು ಹಗ್ಗ ಜಗ್ಗುತ್ತದೆ,
ಮೇಲೆ ಕಿಟಕಿ ತೆರೆದು ಸಂತರು ಒಬ್ಬೊಬ್ಬರೇ
ರೇಷನ್ ಅಂಗಡಿ ಸಾಲಿನ ಹಾಗೆ
ಇಣುಕಿ ಮುಂದೆ ಹೋಗುತ್ತಾರೆ.
ಕೆಳಗೆ ಫೋನು ಎತ್ತಿ ನಿಂತ ಲೋಕ.
ಗೌರಿಬಿದನೂರಿನ ಡೀಲರು ಇನಾಯತ್
ಕಿವಿಯಲ್ಲಿ ಅಂದ:
"ಟೈಮಿಗೆ ಸರಿಯಾಗಿ ಬರೋನು ಅವನೊಬ್ಬನೇ ಅಣ್ಣ."

ಸೇತುವೆ ನೋಡಿದೆ. ಎರಡೂ ಕಡೆ ಕಪ್ಪಾದ ಮೂರ್ತಿಗಳು,
ಒಂದರ ಬುಡದ ಲೋಹ
ಜನ ಮುಟ್ಟಿ ಮುಟ್ಟಿ ಬಂಗಾರದ ಬಣ್ಣಕ್ಕೆ ತಿರುಗಿದೆ.
ಮುಟ್ಟಿದವರು ಮತ್ತೆ ಬರುತ್ತಾರೆ
ಎಂದಳು ಹಳದಿ ಕೊಡೆಯ ಗೈಡು.
ಮುಟ್ಟಿದೆ. ಸುಳ್ಳು ಯಾಕೆ, ಎರಡು ಸಲ.

ಅರಮನೆ ನೋಡಲಿಲ್ಲ, ಮಂಡಿ ನೋವು.
ನದಿ ದಡದ ಬೆಂಚಿನಲ್ಲಿ ಕೂತು
ಮನೆಯಿಂದ ಕಟ್ಟಿ ತಂದ ಅವರೆಕಾಳು ತಿಂದೆ.
ಹಂಸವೊಂದು ಬಂತು. ಒಂದು ಕಾಳು ಹಾಕಿದೆ.
ಖಾರ ಅನ್ನಿಸಿರಬೇಕು, ಹೋಯಿತು.

ನಿಜ ಹೇಳಬೇಕೆಂದರೆ
ನಾನು ಗೋಡೆ ನೋಡಿದೆ.
ಹುರಿಗಡಲೆ ಹಿಟ್ಟಿನ ಬಣ್ಣದ ಗೋಡೆ,
ಹೀರೆಹೂವಿನದು, ಸೀಬೆಹಣ್ಣಿನ ಒಳಗಿನದು,
ಎರಡು ದಿನದ ಮಜ್ಜಿಗೆಯದು,
ಒಗೆದೊಗೆದು ತೆಳುವಾಗಿ
ತೊಟ್ಟಿಲಿಗೆ ಕಟ್ಟಿದ ಸೀರೆಯ ಹಸಿರಿನದು.
ಸಾವಿರದೆಂಟುನೂರು ಶೇಡಿನ ನನ್ನ ಕಾರ್ಡು ಬಿಚ್ಚಿ
ಒಂದೊಂದಕ್ಕೂ ಹಿಡಿದು ನೋಡಿದೆ.
ಒಂದೂ ಕೂಡಲಿಲ್ಲ.

ಗುಂಪು ತಪ್ಪಿದ್ದು ಆಗಲೇ.

ಒಂದು ಗಲ್ಲಿಯಲ್ಲಿ ಸಾರವೆ ಕಟ್ಟಿ
ಮುದುಕನೊಬ್ಬ ಸಣ್ಣ ಕರಣೆ ಹಿಡಿದು
ಗೋಡೆ ಕೆರೆಯುತ್ತಿದ್ದ,
ಗಾಯದ ಪಟ್ಟಿ ಬಿಚ್ಚುವಷ್ಟು ಮೆತ್ತಗೆ.
ಬೂದಿ ಬಣ್ಣ, ಅದರಡಿ ಕಾವಿ,
ಕಾವಿಯಡಿ ಅರಿಶಿನ, ಅರಿಶಿನದಡಿ
ಇನ್ನೂ ಹೆಸರಿಡದ ಯಾವುದೋ.
ನಮಗಿಬ್ಬರಿಗೂ ಸೇರಿ ಒಂದು ಮಾತೂ ಇಲ್ಲ.
ನಾನು ಗೋಡೆ ತೋರಿಸಿದೆ,
ಅವನು ಅಂಗೈ ತೋರಿಸಿದ.
ಬೆರಳ ಸಂದುಗಳನ್ನೆಲ್ಲ ಸುಣ್ಣ ತಿಂದಿತ್ತು.

ಈ ಕೈ ನನಗೆ ಗೊತ್ತು.

ಸುಣ್ಣ ಬಳಿಯುವ ಪಿಳ್ಳಪ್ಪನ ಕೈ.
ಬೆಂಕಿಯಿಲ್ಲದೆ ಗಡಿಗೆ ಕೊತಕೊತ ಕುದಿಯುವಾಗ
"ದೂರ ನಿಲ್ಲೋ" ಎನ್ನುತ್ತಿದ್ದ ಅಪ್ಪ.
ಕತ್ತಾಳೆ ಜಜ್ಜಿ ಮಾಡಿದ ಕುಂಚ, ಒಂದು ಹಿಡಿ ಉಪ್ಪು,
ಚಿಟಿಕೆ ನೀಲಿ.
ಅರ್ಧ ಊರು ಅವನಿಂದ ಬೆಳ್ಳಗಿತ್ತು.
ಕೈ ಬಿರಿದ ರಾತ್ರಿ ಅಮ್ಮ
ಎಣ್ಣೆ ಹಚ್ಚಿ, ತಾನೇ ತುತ್ತು ಕೊಡುತ್ತಿದ್ದಳು.
ಡಿಸ್ಟೆಂಪರ್ ಬಂದ ವರ್ಷ
ಕುಂಚ ತೊಲೆಯ ಸಂದಿಗೆ ಹೋಯಿತು.
ನಾನು ಡಬ್ಬ ಮಾರಲು ಕೂತೆ.

ಮುದುಕ ಒಂದು ಚಕ್ಕೆ ಕೊಟ್ಟ.
ಏರ್‌ಪೋರ್ಟಿನಲ್ಲಿ ಬ್ಯಾಗು ಬಿಚ್ಚಿಸಿ
ಏನಿದು ಅಂದರು. "ವಾಲ್" ಅಂದೆ.
ಮುಖ ನೋಡಿ ಬಿಟ್ಟರು.
ಈಗದು ಗಲ್ಲಾಪೆಟ್ಟಿಗೆಯಲ್ಲಿ
ಚಿಲ್ಲರೆಯ ಜೊತೆಗಿದೆ.

ಮೊನ್ನೆ ಅಂಗಡಿ ಮುಚ್ಚುವ ಹೊತ್ತಿಗೆ
ಶಟರಿನ ಪಕ್ಕ ಗೋಡೆ ಕೆರೆದೆ.
ನಾನೇ ಮಾರಿದ ಎಮಲ್ಷನ್ ಎರಡು ಕೋಟು,
ಯಾವುದೋ ಚುನಾವಣೆಯ ಅರ್ಧ ಗುರುತು,
ಗುಲಾಬಿ ಡಿಸ್ಟೆಂಪರು,
ಆಮೇಲೆ, ಉಗುರಿನಷ್ಟು,
ನೀಲಿ ತಾಗಿದ ಬಿಳಿ.

ಟಾರ್ಚು ಹಿಡಿದ ಕೆಲಸದ ಹುಡುಗ ಲೋಹಿತ
"ಏನ್ ಸಾರ್, ಲೀಕೇಜಾ?" ಅಂದ.
ಹೂಂ ಅಂದೆ.